ಓಬಳಮ್ಮ ಬರೆದ ಸೊನ್ನೆಗಳು

ಚಿಂತಲಕುಂಟೆಯ ಆಶಾ ಕಾರ್ಯಕರ್ತೆ ಓಬಳಮ್ಮ ಮೂರು ವರ್ಷಗಳಲ್ಲಿ ಎಷ್ಟು ಸೊನ್ನೆ ಬರೆದಿದ್ದಳೋ ಅವಳಿಗೇ ಗೊತ್ತಿಲ್ಲ. ತಿಂಗಳಿಗೆ ಎರಡು ಸುತ್ತು, ಸುತ್ತಿಗೆ ನೂರಾ ಎಂಬತ್ತು ಮನೆ. ಪ್ರತಿ ಮನೆಯ ಹೆಸರಿನ ಮುಂದೆ ಮೊಬೈಲಿನಲ್ಲಿ ಒಂದು ಖಾನೆ: ಸೊಳ್ಳೆಮರಿ ಕಂಡ ಪಾತ್ರೆಗಳು ಎಷ್ಟು? ಸೊನ್ನೆ. ಪಕ್ಕದ ಮನೆ? ಅಲ್ಲೂ ಸೊನ್ನೆ. ಇವುಗಳಲ್ಲಿ ಹೆಚ್ಚಿನವು ಅಪ್ಪಟ ಸೊನ್ನೆಗಳು; ಸೊಂಟ ಬಗ್ಗಿಸಿ, ಟಾರ್ಚು ಬಿಟ್ಟು, ಡ್ರಮ್ಮಿನ ತಳ ನೋಡಿ ಬರೆದವು. ಉಳಿದವು ಹಾಗಲ್ಲ. ಈ ಕಥೆ ಆ ಉಳಿದವುಗಳದ್ದು. ನಗುತ್ತಾ ಹೇಳುವ ಕಥೆಯಲ್ಲ. ಆದರೂ ಓಬಳಮ್ಮ ನಗಿಸದೆ ಮಾತಾಡಿದವಳೇ ಅಲ್ಲವಾದ್ದರಿಂದ ಅಲ್ಲಲ್ಲಿ ನಗು ಬಂದರೆ ಯಾರೂ ತಪ್ಪು ತಿಳಿಯಬಾರದು.

ಅವಳು ಹುಟ್ಟಿದ್ದು ಮಂಚೇನಹಳ್ಳಿ ಕಡೆ. ಎಸ್ಸೆಸ್ಸೆಲ್ಸಿ ಪಾಸಾಗಿ ಗಂಗರಾಜುವನ್ನು ಮದುವೆಯಾಗಿ ಚಿಂತಲಕುಂಟೆಗೆ ಬಂದಾಗ ಇಡೀ ಕಾಲೋನಿಯಲ್ಲಿ ಬಸ್ಸಿನ ಬೋರ್ಡು ಓದಬಲ್ಲ ಸೊಸೆ ಅವಳೊಬ್ಬಳೇ. ಹೀಗಾಗಿ ಆಶಾ ಕೆಲಸ ಅವಳನ್ನೇ ಹುಡುಕಿಕೊಂಡು ಬಂತು. ಹೊಸದರಲ್ಲಿ ಮೇಲಿನ ಕೇರಿಯವರು ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಆ ಕೇರಿಯ ಐದಾರು ಹೆಣ್ಣುಮಕ್ಕಳು ನೋವಿನಲ್ಲಿ ಅವಳ ಕೈ ಹಿಡಿದು ಆಂಬುಲೆನ್ಸ್ ಹತ್ತಿದ ಮೇಲೆ ಜಗಲಿ ತಾನಾಗಿ ಸಿಕ್ಕಿತು, ಆಮೇಲೆ ನಡುಮನೆಯೂ ಸಿಕ್ಕಿತು. ಶುಕ್ರವಾರ ಊರಿಗೆ ಒಣ ದಿನ, ಅಂದರೆ ನಿಂತ ನೀರೆಲ್ಲ ಚೆಲ್ಲಿ ಪಾತ್ರೆ ಒಣಗಿಸುವ ದಿನ. ನಲ್ಲಿಯಲ್ಲಿ ವಾರಕ್ಕೆರಡು ಸಲ ನೀರು ಬರುವ ಸೀಮೆಯಲ್ಲಿ ತುಂಬಿದ ಡ್ರಮ್ಮು ಬಗ್ಗಿಸು ಎಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಆದರೂ ಹೆಂಗಸರು ಬಗ್ಗಿಸುತ್ತಿದ್ದರು. ಬಗ್ಗಿಸದಿದ್ದರೆ ಓಬಳಮ್ಮನೇ ಸೆರಗು ಸಿಕ್ಕಿಸಿಕೊಂಡು ಒದ್ದು ಉರುಳಿಸುವಳು. "ಡ್ರಮ್ಮು ಬಗ್ಗಿಸೋಕೆ ಆಗಲ್ವಾ? ಗಂಡನ್ನ ಬಗ್ಗಿಸೋಕೆ ಮಾತ್ರ ಆಗ್ತದಾ?" ಎಂದು ಬೀದಿಗೆ ಕೇಳುವ ಹಾಗೆ ಬೈದರೆ, ಬೈಸಿಕೊಂಡವಳೇ ಮೊದಲು ನಗುತ್ತಿದ್ದಳು.

ಇಷ್ಟೆಲ್ಲ ಜೋರಿದ್ದ ಹೆಂಗಸು ಒಂದೇ ಒಂದು ಬಾಗಿಲಿನ ಮುಂದೆ ಮೆತ್ತಗಾಗುತ್ತಿದ್ದಳು. ಅದು ಹುಳುಮನೆಯ ಬಾಗಿಲು.

ಶಿಡ್ಲಘಟ್ಟದ ಸುತ್ತ ರೇಷ್ಮೆ ಹುಳು ಸಾಕದ ಊರಿಲ್ಲ. ಚಿಂತಲಕುಂಟೆಯಲ್ಲೂ ಮನೆಯ ಪಕ್ಕಕ್ಕೋ ಹಿತ್ತಿಲಿಗೋ ಒಂದು ಹುಳುಮನೆ ಇದ್ದೇ ಇದೆ. ಹುಳು ಎಂದರೆ ಹಸುಗೂಸು ಇದ್ದಂತೆ. ಬೆಳ್ಳುಳ್ಳಿ ವಾಸನೆ ಆಗದು, ಬೀಡಿ ಹೊಗೆ ಆಗದು, ಸೊಳ್ಳೆಗೆ ಹೊಡೆಯುವ ಹೊಗೆಯಂತೂ ಒಂದು ಗುಕ್ಕು ಒಳಗೆ ಹೋದರೆ ಬೆಳಗಾಗುವಷ್ಟರಲ್ಲಿ ಇಡೀ ಬೆಳೆ ಸತ್ತುಬೀಳುತ್ತದೆ. ಹೊರಗಿನವರು ಕಾಲಿಟ್ಟರೆ ಹುಳುವಿಗೆ ರೋಗ ತಗಲುತ್ತದೆ ಎಂಬುದು ರೇಷ್ಮೆ ಇಲಾಖೆಯವರೂ ಹೇಳುವ ಮಾತೇ. ಅದರಲ್ಲೂ ಓಬಳಮ್ಮ ಜ್ವರದ ಮನೆಗಳನ್ನೇ ಸುತ್ತುವವಳು.

"ನೀನು ಊರಿನ ಕಾಯಿಲೆನೆಲ್ಲ ಸೆರಗಲ್ಲಿ ಕಟ್ಕೊಂಡು ತಿರುಗೋಳು ಕಣಮ್ಮ. ಅಲ್ಲೇ ನಿಂತ್ಕೊ. ಒಳಗೆ ಏನೂ ನೀರಿಲ್ಲ, ನಾನು ಹೇಳ್ತಿಲ್ವಾ?" ಎಂದು ಮೇಲಿನ ಕೇರಿಯ ರಾಮಾಂಜಿನಪ್ಪ ಬಾಗಿಲಿಗೆ ಕೈ ಅಡ್ಡ ಇಡುತ್ತಿದ್ದ. ನಾಲ್ಕು ಎಕರೆ ಹಿಪ್ಪುನೇರಳೆ ತೋಟದ ಯಜಮಾನ, ಊರಿಗೆ ದೊಡ್ಡವನು.

"ನೀವು ಹೇಳಿದ್ಮೇಲೆ ಮುಗೀತು ಬಿಡಣ್ಣ," ಎಂದು ಓಬಳಮ್ಮ ಸೊನ್ನೆ ಒತ್ತಿ ಮುಂದೆ ಹೋಗುತ್ತಿದ್ದಳು.

ಇದನ್ನು ಅವಳು ಬರೀ ಅಂಜಿಕೆಯಿಂದ ಮಾಡಿದಳು ಎಂದರೆ ಅನ್ಯಾಯವಾದೀತು. ಅವಳ ಮನೆಯಲ್ಲೂ ಹುಳು ಇತ್ತು. ಮಾವನ ಕಾಲಕ್ಕೆ ಮಂಜೂರಾದ ಮುಕ್ಕಾಲು ಎಕರೆಯಲ್ಲಿ ಗಂಗರಾಜು ಹಿಪ್ಪುನೇರಳೆ ಸೊಪ್ಪು ಬೆಳೆಯುತ್ತಿದ್ದ, ಹಿತ್ತಿಲ ಶೀಟಿನ ಮನೆಯಲ್ಲಿ ಹುಳು ಸಾಕುತ್ತಿದ್ದ. ಮರಿ ಕಂಡಿತು ಎಂದು ಬರೆದರೆ ಹೊಗೆ ಯಂತ್ರ ಬರುತ್ತದೆ, ಹೊಗೆ ಬಂದರೆ ಯಾರ ಬೆಳೆಯೂ ಉಳಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಸೊನ್ನೆ ಎಲ್ಲರಿಗೂ ಹಿತವಾಗಿತ್ತು.

ಎರಡು ವರ್ಷದ ಹಿಂದೆ ಮುರಳಿಮೋಹನ್ ಎಂಬ ಹುಡುಗ ಬಂದ. ಗೌರಿಬಿದನೂರಿನವನು, ಸಂಖ್ಯಾಶಾಸ್ತ್ರ ಓದಿ ಬೆಂಗಳೂರಿನ ಯಾವುದೋ ಸಂಶೋಧನಾ ಸಂಸ್ಥೆಯಲ್ಲಿದ್ದ. ಅಂಗನವಾಡಿಯ ಗೋಡೆಗೆ ಜಿಲ್ಲೆಯ ನಕ್ಷೆ ಅಂಟಿಸಿ, ಸುತ್ತಲ ಹಳ್ಳಿಗಳ ಆಶಾಗಳನ್ನೆಲ್ಲ ಕೂರಿಸಿಕೊಂಡು, ಡೆಂಗಿ ಮುಂದೆ ಯಾವ ಊರಿಗೆ ನುಗ್ಗುತ್ತದೆಂದು ಕಂಪ್ಯೂಟರು ಮೊದಲೇ ಅಂದಾಜು ಹೇಳುವ ಬಗೆಯನ್ನು ವಿವರಿಸಿದ. ಮಳೆ ಎಷ್ಟು, ಬಿಸಿಲೆಷ್ಟು, ಮನೆ ಎಷ್ಟು ಒತ್ತಾಗಿವೆ, ಜ್ವರ ಎಷ್ಟು ಜನಕ್ಕೆ, ಸೊಳ್ಳೆಮರಿ ಎಷ್ಟು ಪಾತ್ರೆಯಲ್ಲಿ, ಇಷ್ಟನ್ನೂ ಅದು ನುಂಗಿ ಪ್ರತಿ ಸೋಮವಾರ ಇಪ್ಪತ್ತೈದು ಊರುಗಳ ಪಟ್ಟಿ ಕೊಡುತ್ತದೆ. ಪರೀಕ್ಷೆಯ ಕಿಟ್ಟು, ಸೊಳ್ಳೆ ಹಿಡಿಯುವ ಬಲೆ, ಮನೆಮನೆ ಜ್ವರ ವಿಚಾರಿಸುವ ತಂಡ, ಎಲ್ಲವೂ ಆ ಊರುಗಳಿಗೆ ಮೊದಲು. ಇರುವುದೇ ಸ್ವಲ್ಪ, ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಲಿ ಎಂಬ ಒಳ್ಳೆಯ ಯೋಚನೆ. ಅಪಾಯದ ಊರು ಕೆಂಪು, ನಡುವಿನದು ಹಳದಿ, ಉಳಿದದ್ದು ಹಸಿರು.

"ಅಂದ್ರೆ ಜಾತಕ ಹೇಳ್ತದೆ ಅನ್ನಿ ಸಾರ್," ಎಂದಳು ಓಬಳಮ್ಮ.

"ಹಂಗೇ ಅಂದ್ಕೊಳ್ಳಿ ಅಕ್ಕ. ಆದ್ರೆ ಹುಟ್ಟಿದ ಟೈಮು ಸರಿಯಾಗಿ ಹೇಳ್ಬೇಕು, ಇಲ್ದಿದ್ರೆ ಜಾತಕ ತಪ್ಪಾಗ್ತದೆ." ನಗುನಗುತ್ತಲೇ ಅವನು ಅವಳ ಊರಿನ ಸಾಲನ್ನು ಬೆರಳಲ್ಲಿ ಜಾರಿಸಿ ನೋಡಿದ. ಉದ್ದಕ್ಕೂ ಸೊನ್ನೆ. "ಅಕ್ಕ, ಬೇಜಾರು ಮಾಡ್ಕೋಬೇಡಿ. ಇದು ನೋಡಿ ಬರೆದ ಸೊನ್ನೆನಾ, ನೋಡ್ದೆ ಬರೆದ ಸೊನ್ನೆನಾ? ನೋಡಿಲ್ಲ ಅಂದ್ರೆ ಖಾಲಿ ಬಿಡಿ, ಪರವಾಗಿಲ್ಲ. ಖಾಲಿ ಬಿಟ್ರೆ ಕಂಪ್ಯೂಟರ್ ಅನುಮಾನ ಪಡ್ತದೆ. ಸೊನ್ನೆ ಹಾಕಿದ್ರೆ ನಂಬಿಬಿಡ್ತದೆ."

ಮೂವತ್ತು ಜನ ಆಶಾಗಳು ಅವಳ ಮುಖವನ್ನೇ ನೋಡುತ್ತಿದ್ದರು. "ನೋಡಿನೇ ಬರ್ದಿದ್ದೀನಿ ಸಾರ್. ಓಬಳಮ್ಮ ನೋಡ್ದೆ ಬರ್ಯಲ್ಲ," ಎಂದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಆ ಕ್ಷಣ ಅನ್ನಿಸಲೂ ಇಲ್ಲ. ನೂರಾ ಎಂಬತ್ತು ಮನೆಯ ಡ್ರಮ್ಮು ನೋಡಿದವಳು ಹುಳುಮನೆಯೊಂದನ್ನು ನೋಡದಿದ್ದರೆ ಅದೂ ಒಂದು ಸುಳ್ಳೇ?

ಮುಂದಿನ ವರ್ಷ ತಾಲ್ಲೂಕು ಮಟ್ಟದ ಸಭೆಯಲ್ಲಿ ಚಿಂತಲಕುಂಟೆಗೆ ಬಹುಮಾನ ಬಂತು. ಸೊಳ್ಳೆಮರಿ ಇಲ್ಲದ ಗ್ರಾಮ. ಶಾಲು, ಫಲಕ, ಒಂದು ಸ್ಟೀಲ್ ಬಿಂದಿಗೆ. ನೀರು ನಿಲ್ಲಿಸಬೇಡಿ ಎಂದು ಹೇಳುವವಳಿಗೆ ನೀರು ತುಂಬುವ ಬಿಂದಿಗೆ ಕೊಡಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಪಕ್ಕದ ಊರಿನ ಆಶಾ ಅಮ್ಮಾಜಮ್ಮ, ಓಬಳಮ್ಮನಿಗೆ ತಂಗಿಯ ಹಾಗಿದ್ದವಳು, ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು: "ಓಬಳಕ್ಕ, ನಮ್ದೂ ಸೊನ್ನೆನೇ ಅಲ್ವೇನಕ್ಕ, ನಂಗ್ಯಾಕೆ ಬಿಂದಿಗೆ ಕೊಡ್ಲಿಲ್ಲ?" ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಇಲ್ಲಿಂದ ಮುಂದೆ ಆದದ್ದು ವಿಚಿತ್ರ. ಚಿಂತಲಕುಂಟೆ ಒಂದು ಸೋಮವಾರವೂ ಪಟ್ಟಿಯಲ್ಲಿ ಬರಲಿಲ್ಲ. ಮೊಬೈಲಿನ ನಕ್ಷೆಯಲ್ಲಿ ಊರು ಯಾವಾಗಲೂ ಹಸಿರು. ಓಬಳಮ್ಮ ಆ ಹಸಿರನ್ನು ನೋಡಿ ನೋಡಿ, ನಿಧಾನವಾಗಿ, ಅದನ್ನು ನಂಬಲು ಶುರುಮಾಡಿದಳು. ಹಸಿರು ಎಲ್ಲಿಂದ ಬಂತು ಎಂಬುದನ್ನು ಮರೆತಳು. ತಾನೇ ಕೊಟ್ಟ ಸೊನ್ನೆ ಬೆಂಗಳೂರಿಗೆ ಹೋಗಿ, ಕಂಪ್ಯೂಟರಿನ ಹೊಟ್ಟೆ ಹೊಕ್ಕು, ಬಣ್ಣ ಬಳಿದುಕೊಂಡು ವಾಪಸು ಬಂದಾಗ ಅವಳಿಗೆ ಅದು ದೊಡ್ಡವರು ಹೇಳಿದ ಮಾತಿನಂತೆ ಕಂಡಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇವಳು ಕಣ್ಣಾರೆ ಕಾಣದ್ದನ್ನೂ ಪರಾಂಬರಿಸಲಿಲ್ಲ.

ಈ ವರ್ಷ ಆಗಸ್ಟಿನಲ್ಲಿ ಎಂಟು ದಿನ ಬಿಟ್ಟೂಬಿಡದೆ ಜಿನುಗಿ, ಆಮೇಲೆ ಚುರ್ರೆನ್ನುವ ಬಿಸಿಲು ಬಂತು. ಓಬಳಮ್ಮನ ಒಬ್ಬಳೇ ಮಗಳು ತನುಜ ಚಿಂತಾಮಣಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಹಸಿವಿನಿಂದ ಹೊರಳುತ್ತಿತ್ತು. ಆ ವಾರ ಅದಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಕೂತವರೂ ನಿಂತವರೂ ಸೊಪ್ಪು ಹೊರಬೇಕು. ತನುಜ ಕಾಲೇಜಿಗೆ ರಜೆ ಹಾಕಿ ಅಪ್ಪನ ಜೊತೆ ಬೆಳಗ್ಗೆ ಸಂಜೆ ಹುಳುಮನೆಯಲ್ಲೇ ಇದ್ದಳು. ಬುಧವಾರ ಮಧ್ಯಾಹ್ನ ಸೊಪ್ಪಿನ ಹೊರೆ ಇಳಿಸಿ, "ಅಮ್ಮ, ಕಣ್ಣು ಗುಡ್ಡೆ ಹಿಂದ್ಗಡೆ ನೋವು," ಎಂದು ಗೋಡೆಗೆ ಒರಗಿದಳು. ಮುಟ್ಟಿದರೆ ಮೈ ಕಾದ ಹೆಂಚು.

"ಅಮ್ಮ, ಡೆಂಗಿ ಇರಬಹುದಾ?"

"ಸುಮ್ನಿರಮ್ಮ. ನಮ್ಮೂರಿಗೆ ಡೆಂಗಿ ಎಲ್ಲಿಂದ ಬರ್ಬೇಕು?" ಓಬಳಮ್ಮ ಮೊಬೈಲು ತೆಗೆದು ಮಗಳಿಗೆ ತೋರಿಸಿದಳು. "ನೋಡು, ಹಸಿರು. ಮಳೇಲಿ ನೆಂದಿದ್ದೀಯ, ನೆಗಡಿ ಜ್ವರ ಇದು. ಮಾತ್ರೆ ನುಂಗಿ ಮಲ್ಕೊ."

ಬೇರೆ ಯಾರ ಮಗಳಾಗಿದ್ದರೂ ಆ ದಿನವೇ ಕೈ ಹಿಡಿದು ಎಳೆದುಕೊಂಡು ಹೋಗಿ ರಕ್ತ ಕೊಡಿಸುತ್ತಿದ್ದಳು. ತನ್ನ ಮಗಳಿಗೆ ನಕ್ಷೆ ತೋರಿಸಿದಳು. ಮೂರನೇ ದಿನ ಮೈಕೈ ನೋವು ತಡೆಯಲಾಗದೆ ತನುಜ ಅತ್ತಾಗ, ಪಕ್ಕದ ಊರಿನ ಸಂತೆಬೀದಿಯ ಸೂಜಿ ಡಾಕ್ಟರ ಹತ್ತಿರ ನೋವಿನ ಇಂಜೆಕ್ಷನ್ ಹಾಕಿಸಿದಳು. ಡೆಂಗಿ ಅನುಮಾನವಿದ್ದರೆ ಆ ಸೂಜಿ ಹಾಕಿಸಬಾರದು, ಒಳಗೆ ರಕ್ತ ಸೋರುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಅವಳೇ. ಅನುಮಾನ ಇದ್ದರೆ ತಾನೇ! ಊರಿಗೆ ದಾರಿ ತೋರಿಸುವವಳ ಮನೆಯಲ್ಲಿ ದೀಪದ ಬುಡದ ಕತ್ತಲೆ.

ಐದನೇ ದಿನ, ಭಾನುವಾರ ಬೆಳಗ್ಗೆ, ಜ್ವರ ಬಿಟ್ಟಿತು. ಗಂಗರಾಜು ಬಾಗಿಲಲ್ಲಿ ನಿಂತು ದೇವರಿಗೆ ಕೈ ಮುಗಿದ. ಓಬಳಮ್ಮ ಗಂಜಿ ಕಾಯಿಸಿ ತಂದಳು. ತನುಜ ಒಂದು ಗುಟುಕು ಕುಡಿದು ವಾಂತಿ ಮಾಡಿಕೊಂಡಳು. ಹೊಟ್ಟೆ ಹಿಡಿದುಕೊಂಡಳು. ಮಗಳ ಕೈ ಹಿಡಿದ ಓಬಳಮ್ಮನಿಗೆ ಆ ಕೈ ತಣ್ಣಗಿರುವುದು ತಿಳಿಯಿತು. ಬೆರಳ ತುದಿ ತಣ್ಣಗೆ, ಹಣೆ ತಣ್ಣಗೆ. ಆಗ ಅವಳೊಳಗೆ ಹದಿನಾರು ವರ್ಷದ ತರಬೇತಿಯೆಲ್ಲ ಒಟ್ಟಿಗೆ ಎದ್ದು ಕೂತಿತು. ಡೆಂಗಿಯಲ್ಲಿ ಜ್ವರ ಇರುವಾಗ ಅಲ್ಲ, ಜ್ವರ ಬಿಟ್ಟ ಮೇಲೆ ಅಪಾಯ. ಎಷ್ಟು ಮನೆಗಳಲ್ಲಿ ಈ ಮಾತು ಹೇಳಿದ್ದಳು! ಬಾಯಿಪಾಠ ಹೇಳಿದ್ದಳು. "ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ," ಎಂದು ಎದೆ ಹೊಡೆದುಕೊಂಡಳು.

ಆರೋಗ್ಯ ಕೇಂದ್ರದಲ್ಲಿ ಭಾನುವಾರವೂ ಲ್ಯಾಬಿನ ಮೋಹನ್‌ಬಾಬು ಇದ್ದ, ಅದೇ ಪುಣ್ಯ. ಒಳ್ಳೆಯ ಮನುಷ್ಯ, ಓಬಳಮ್ಮನನ್ನು ಅಕ್ಕ ಎಂದೇ ಕರೆಯುವವನು.

"ಡೆಂಗಿ ಕಿಟ್ಟು ಹಾಕಪ್ಪ, ಬೇಗ ಹಾಕು."

"ಅಕ್ಕ, ಒಂದು ಕಿಟ್ಟೂ ಇಲ್ಲ. ಎಲ್ಲಾ ಪಟ್ಟಿ ಊರುಗಳಿಗೆ ಹೋದ್ವು. ನಿಮ್ಮೂರು ಪಟ್ಟಿಲಿಲ್ಲ ಅಲ್ವಾ?" ಅವನು ತನುಜಳ ಮುಖ ನೋಡಿದವನೇ ಮಾತು ನಿಲ್ಲಿಸಿದ. "ಕಿಟ್ಟು ಕಾಯೋ ಟೈಮಿಲ್ಲಕ್ಕ. ಡಾಕ್ಟ್ರಿಗೆ ಹೇಳ್ತೀನಿ. ಆಂಬುಲೆನ್ಸ್ ಕರಿಯಣ, ಜಿಲ್ಲಾಸ್ಪತ್ರೆಗೆ ಹೋಗಿಬಿಡಿ."

ಡಾಕ್ಟರು ಒಂದು ಬಾಟಲಿ ಏರಿಸಿ ಕಳಿಸಿದರು. ಆಂಬುಲೆನ್ಸಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಓಬಳಮ್ಮ ಮುರಳಿಮೋಹನ್‌ಗೆ ಫೋನು ಮಾಡಿದಳು. ಅವನಿಂದ ಏನಾಗಬೇಕಿತ್ತೋ ಅವಳಿಗೇ ತಿಳಿಯದು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

"ಸಾರ್, ನಮ್ಮೂರನ್ನ ಪಟ್ಟಿಗೆ ಹಾಕಿ ಸಾರ್. ಈಗ್ಲೇ ಹಾಕಿ."

"ಏನಾಯ್ತು ಅಕ್ಕ? ನಿಮ್ಮೂರು ಹಸಿರಲ್ಲಿದೆ..."

"ಅದು ಸುಳ್ಳು ಹಸಿರು ಸಾರ್! ನನ್ನ ಸೊನ್ನೆ ಸುಳ್ಳು. ಬೇರೆಯವರ ಹುಳುಮನೆ ಒಂದರೊಳಗೂ ನಾನು ಕಾಲಿಟ್ಟಿಲ್ಲ. ನೋಡಿದ್ದೀನಿ ಅಂತ ನಿಮ್ಮುಂದೆ ಸುಳ್ಳು ಹೇಳ್ದೆ. ನನ್ನ ಮಗಳು ಹೋಗ್ತಾಳೆ ಸಾರ್, ಏನಾದ್ರೂ ಮಾಡಿ."

ಅವನು ನಿಧಾನವಾಗಿ ಹೇಳಿದ: "ಅಕ್ಕ, ಮೊದ್ಲು ಮಗಳನ್ನ ನೋಡ್ಕೊಳ್ಳಿ. ನಾನು ಇವತ್ತೇ ತಂಡದವ್ರಿಗೆ ಹೇಳ್ತೀನಿ, ಎರಡ್ಮೂರು ದಿನದಲ್ಲಿ ಬರ್ತಾರೆ." ಇನ್ನೂ ಏನೋ ಹೇಳಬೇಕೆಂದು ತಡವರಿಸಿ, ಹೇಳಿಯೇಬಿಟ್ಟ. "ನಿಮ್ಮ ಸೊನ್ನೆ ನೋಡಿ ಕಂಪ್ಯೂಟರ್ ಸುತ್ತಲಿನ ಹನ್ನೊಂದು ಊರಿನ ಅಪಾಯನೂ ಕಮ್ಮಿ ಅಂತ ಹಾಕಿದೆ ಅಕ್ಕ. ಪಕ್ಕದೂರು ಚೆನ್ನಾಗಿದ್ರೆ ಇದೂ ಚೆನ್ನಾಗಿರ್ತದೆ ಅಂತ ಅದರ ಲೆಕ್ಕ."

ಜಿಲ್ಲಾಸ್ಪತ್ರೆಯಲ್ಲಿ ರಕ್ತ ತೆಗೆದರು, ಪ್ಲೇಟ್‌ಲೆಟ್ ಹದಿಮೂರು ಸಾವಿರ ಎಂದರು, ಡೆಂಗಿ ಎಂದರು. ಗಾಜಿನ ಬಾಗಿಲ ಆಚೆ ಮಗಳು, ಈಚೆ ಓಬಳಮ್ಮ. ನರ್ಸಮ್ಮ ಬಂದು ಒಂದು ಫಾರಂ ಹಿಡಿದು, ಮನೆಯಲ್ಲಿ ಎಲ್ಲಾದರೂ ನಿಂತ ನೀರಿದೆಯೇ ಎಂದು ಕೇಳಿದಳು.

"ಇಲ್ಲಮ್ಮ. ನಮ್ಮನೇಲಿ ಹನಿ ನೀರು ನಿಲ್ಲಲ್ಲ," ಎಂದಳು ಓಬಳಮ್ಮ. ಇದು ಸುಳ್ಳಲ್ಲ. ಅವಳ ಮನೆಯ ಡ್ರಮ್ಮು, ತೊಟ್ಟಿ, ಒರಳುಕಲ್ಲು, ಹೂವಿನ ಕುಂಡ ಎಲ್ಲ ಶುಕ್ರವಾರ ಶುಕ್ರವಾರ ಒಣಗುತ್ತಿದ್ದವು. ನರ್ಸಮ್ಮ ಹೋದ ಮೇಲೆ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ, ಬೇರೆಯವರ ಮನೆಗೆ ಸರ್ವೆಗೆ ಹೋದಂತೆ ತನ್ನ ಮನೆಯನ್ನು ಬಾಗಿಲಿನಿಂದ ಸುತ್ತಲು ಶುರುಮಾಡಿದಳು. ಅಂಗಳ, ಜಗಲಿ, ಬಾಬಾಸಾಹೇಬರ ಫೋಟೋ ಇರುವ ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಿಲು. ಎಲ್ಲ ಒಣಗಿದೆ. ಹಿತ್ತಿಲಿನಾಚೆ ಹುಳುಮನೆ. ನೆಲದಿಂದ ಸೂರಿನವರೆಗೆ ನಾಲ್ಕು ಸ್ಟ್ಯಾಂಡು, ಅಂತಸ್ತಂತಸ್ತಾಗಿ ಸೊಪ್ಪು, ಸೊಪ್ಪಿನ ಮೇಲೆ ಹುಳು. ಸ್ಟ್ಯಾಂಡಿಗೆ ಆರಾರು ಕಾಲು. ಒಂದೊಂದು ಕಾಲಿನ ಕೆಳಗೂ ಇರುವೆ ಹತ್ತದಿರಲೆಂದು ಒಂದೊಂದು ಬಟ್ಟಲು. ಬಟ್ಟಲ ತುಂಬ ನೀರು.

ಓಬಳಮ್ಮನ ಕಣ್ಣು ತೆರೆದುಕೊಂಡಿತು.

ಆ ನೀರನ್ನು ಅವಳು ಇಪ್ಪತ್ತು ವರ್ಷದಿಂದ ದಿನಾ ನೋಡಿದ್ದಳು. ನೀರು ಎಂದು ಒಮ್ಮೆಯೂ ನೋಡಿರಲಿಲ್ಲ. ಅದು ಇರುವೆಗೆ ಹಾಕಿದ ಬೇಲಿ. ಸೀಮೆಎಣ್ಣೆ ಬೆರೆಸಿದರೆ ಹುಳುವಿಗೆ ಆಗದೆಂದು ಬರೀ ನೀರು ಹಾಕುವುದು, ಬತ್ತಿದಂತೆ ಮೇಲೆ ಮೇಲೆ ಸುರಿಯುವುದು. ಚೆಲ್ಲುವ ಮಾತೇ ಇಲ್ಲ, ಚೆಲ್ಲಿದರೆ ಇರುವೆ ಹತ್ತಿ ಹುಳು ತಿನ್ನುತ್ತದೆ. ನೆರಳು, ತಂಪು, ಗಾಳಿಯಿಲ್ಲದ ಮೂಲೆ. ಆರು ನಾಲ್ಕಲಿ ಇಪ್ಪತ್ತನಾಲ್ಕು ಬಟ್ಟಲು. ಅವುಗಳ ನಡುವೆ ಬರಿಗಾಲಲ್ಲಿ ಸೊಪ್ಪು ಹೊತ್ತು ತಿರುಗುವ ತನುಜ.

ಗಂಗರಾಜು ಹುಳು ನೋಡಿಕೊಳ್ಳಲು ಊರಲ್ಲೇ ಉಳಿದಿದ್ದ. ಅವನಿಗೆ ಫೋನು ಮಾಡಿದಳು.

"ಹುಳುಮನೆಗೆ ಹೋಗು. ಸ್ಟ್ಯಾಂಡಿನ ಕಾಲಡಿ ಬಟ್ಟಲಿಗೆ ಟಾರ್ಚು ಬಿಡು."

"ಯಾಕೆ? ಮಗು ಹೆಂಗವ್ಳೆ?"

"ಬಿಟ್ಟು ನೋಡು ಅಂದ್ನಲ್ಲ!"

ಅವನ ಹೆಜ್ಜೆ, ಬಾಗಿಲು ಕಿರುಗುಟ್ಟಿದ್ದು, ಸೊಪ್ಪನ್ನು ಹುಳು ಕೊರೆಯುವ ಚುರುಚುರು ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಗಂಗರಾಜುವಿನ ದನಿ, ಏನೂ ಅರಿಯದ ದನಿ: "ಮರಿ ಕುಣೀತಾವೆ ಕಣೇ. ಇದ್ರಲ್ಲೂ ಅವೆ, ಅದ್ರಲ್ಲೂ ಅವೆ. ಎಲ್ಲಾದ್ರಲ್ಲೂ ಅವೆ."

ಸೋಮವಾರ ಮಧ್ಯಾಹ್ನ ಎರಡೂವರೆಗೆ ತನುಜ ತೀರಿಕೊಂಡಳು. ಹತ್ತೊಂಬತ್ತು ವರ್ಷ, ನಾಲ್ಕು ತಿಂಗಳು. ಅಷ್ಟು ಹೊತ್ತಿಗೆ ಆ ವಾರದ ಹೊಸ ಪಟ್ಟಿ ಬಂದಿತ್ತು. ಅದರಲ್ಲಿ ಮೊದಲನೆಯ ಹೆಸರು ಚಿಂತಲಕುಂಟೆ.

ಮಂಗಳವಾರ ಬೆಳಗ್ಗೆ ಹೆಣ ಮನೆಯಂಗಳದಲ್ಲಿದ್ದಾಗಲೇ ಹಿತ್ತಿಲಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂತು. ಹಣ್ಣಾದ ಹುಳುವನ್ನು ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಅದು ಗೂಡು ಕಟ್ಟದೆ ಹಾಳಾಗುತ್ತದೆ. ಸಾವಿಗೂ ಮದುವೆಗೂ ಕಾಯುವುದಿಲ್ಲ. ಗಂಗರಾಜುವಿಗೆ ಅದರ ಕಡೆ ತಲೆ ಎತ್ತಿ ನೋಡುವ ಶಕ್ತಿ ಇರಲಿಲ್ಲ. ಯಾರೂ ಕರೆಯದೆ ರಾಮಾಂಜಿನಪ್ಪ ತನ್ನ ಮನೆಯ ನಾಲ್ಕು ಜನರನ್ನು ಕರೆದುಕೊಂಡು ಬಂದು, ಕಾಲೋನಿಯ ಶೀಟಿನ ಮನೆಯೊಳಗೆ ತಲೆ ಬಗ್ಗಿಸಿ ಹೋಗಿ, ಸಂಜೆಯವರೆಗೆ ಒಂದೊಂದೇ ಹುಳು ಆರಿಸಿ ಬಿಟ್ಟ. ಹೊರಗೆ ಬರುವಾಗ ಅವನ ಕಣ್ಣು ಬಟ್ಟಲುಗಳ ಮೇಲೆ ಬಿತ್ತು. ಮನೆಗೆ ಹೋಗಿ ತನ್ನ ಹುಳುಮನೆಯ ಬಟ್ಟಲುಗಳನ್ನು ತಾನೇ ಹೊರಗೆ ತಂದು ಚೆಲ್ಲಿದ. ಅವನನ್ನು ನೋಡಿ ಪಕ್ಕದವನು ಚೆಲ್ಲಿದ. ಮಾರನೇ ದಿನ ತಂಡ ಬರುವಷ್ಟರಲ್ಲಿ ಊರಿನ ಎಲ್ಲ ಬಟ್ಟಲೂ ಒಣಗಿದ್ದವು, ಇರುವೆ ತಡೆಯಲು ಕಾಲುಗಳ ಕೆಳಗೆ ನೀರಿನ ಬದಲು ಬೂದಿ ಬಂದಿತ್ತು. ತಂಡದವರು ಹುಡುಕಿ ಹುಡುಕಿ ಸೊನ್ನೆ ಬರೆದುಕೊಂಡು ಹೋದರು. ಓಬಳಮ್ಮನಿಗೆ ಇದನ್ನು ಕೇಳಿ ಅಳುವುದೋ ನಗುವುದೋ ತಿಳಿಯಲಿಲ್ಲ. ಚಿಂತಲಕುಂಟೆಯ ಹುಳುಮನೆಗಳ ಮೊದಲ ನಿಜವಾದ ಸೊನ್ನೆ ಅದು.

ಹನ್ನೊಂದನೇ ದಿನದ ಕಾರ್ಯ ಮುಗಿದ ಎರಡು ದಿನಕ್ಕೆ ತಾಲ್ಲೂಕಿನಲ್ಲಿ ಆಶಾಗಳ ತಿಂಗಳ ಸಭೆ. ಬರಬೇಡ ಎಂದು ಎಲ್ಲರೂ ಹೇಳಿದರು. ಓಬಳಮ್ಮ ಗುಲಾಬಿ ಬಣ್ಣದ ಸಮವಸ್ತ್ರದ ಸೀರೆ ಉಟ್ಟು, ಚೀಲ ತಗುಲಿಸಿಕೊಂಡು ಬಸ್ಸು ಹತ್ತಿದಳು. ಆ ಹನ್ನೊಂದು ಊರುಗಳು ಅವಳ ಎದೆಯ ಮೇಲೆ ಕೂತಿದ್ದವು. ಒಂದೊಂದು ಊರಿನಲ್ಲೂ ಎಷ್ಟು ಹುಳುಮನೆ, ಹುಳುಮನೆಗೆ ಎಷ್ಟು ಕಾಲು, ಎಷ್ಟು ಬಟ್ಟಲು. ಬಸ್ಸಿನ ಕಿಟಕಿಯಾಚೆ ಹಿಪ್ಪುನೇರಳೆ ತೋಟ ಕಂಡಾಗಲೆಲ್ಲ ಅವಳು ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಹೋದವಳು ಬರುವುದಿಲ್ಲ. ಇರುವವರಿಗಾದರೂ ಹೇಳಬೇಕು. ಹೇಳಿದರೆ ಕೇಳುತ್ತಾರೆಯೇ?

ಸಭೆಯಲ್ಲಿ ಅರವತ್ತು ಜನ ಹೆಂಗಸರು. ಗೋಡೆಯ ಮೇಲೆ ಮುರಳಿಮೋಹನ್‌ನ ನಕ್ಷೆ, ನಡುವೆ ಚಿಂತಲಕುಂಟೆ ಒಂದು ಕೆಂಪು ಚುಕ್ಕೆ, ಸುತ್ತ ಹಸಿರು. ಅಧಿಕಾರಿ ಎರಡು ನಿಮಿಷ ಮೌನ ಮಾಡಿಸಿ, ಸಮಾಧಾನದ ಮಾತು ಹೇಳಿ ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ಓಬಳಮ್ಮ ಎದ್ದು ನಿಂತಳು.

"ನಾನು ಮೂರು ವರ್ಷ ಹುಳುಮನೆ ಒಳಗೆ ಹೋಗದೆ ಸೊನ್ನೆ ಬರ್ದೆ. ನನ್ನ ಮನೆ ಹುಳುಮನೇಲೂ ಬಟ್ಟಲು ನೋಡ್ಲಿಲ್ಲ. ಅದೇ ನನ್ನ ಮಗೂನ ತಿಂತು." ಮೊದಲು ಅಧಿಕಾರಿಯ ಕಡೆ, ಆಮೇಲೆ ಹೆಂಗಸರ ಕಡೆ ತಿರುಗಿದಳು. "ನನ್ನ ಕೆಲ್ಸ ತೆಗೀತೀರಾ, ತೆಗೀರಿ. ಆದ್ರೆ ಅಕ್ಕತಂಗೀರಾ, ನೀವು ಹೇಳ್ರಿ. ಹುಳುಮನೆ ಒಳಗೆ ಹೋಗಿ, ಸ್ಟ್ಯಾಂಡಿನ ಬಟ್ಟಲು ನೋಡಿ ಸೊನ್ನೆ ಬರ್ದೋರು ಯಾರಿದ್ದೀರಿ? ಕೈ ಎತ್ರಿ."

ಒಂದು ಕೈಯೂ ಮೇಲೇಳಲಿಲ್ಲ. ಅರವತ್ತು ಮುಖ ನೆಲ ನೋಡುತ್ತಿದ್ದವು. ಇವರಲ್ಲಿ ಯಾರ ಮನೆಯಲ್ಲಿ ಹುಳುವಿಲ್ಲ, ಯಾರಿಗೆ ಕೆಲಸದ ಭಯವಿಲ್ಲ, ಯಾರಿಗೆ ಊರಿನವರ ಭಯವಿಲ್ಲ? ಮುರಳಿಮೋಹನ್ ತಾನೇ ಮಾಡಿದ ನಕ್ಷೆಯತ್ತ ತಿರುಗಿ, ಆ ಹಸಿರನ್ನು ಹೊಸದಾಗಿ ಕಂಡವನಂತೆ ನಿಂತಿದ್ದ.

"ಹಂಗಾದ್ರೆ ಖಾಲಿ ಬಿಡ್ರಮ್ಮ," ಎಂದು ಓಬಳಮ್ಮ ಕೈ ಮುಗಿದಳು. "ನೋಡಿಲ್ಲ ಅಂತ ಖಾಲಿ ಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಸೊನ್ನೆ ಹಾಕ್ಬೇಡ್ರಿ."

"ಕೂತ್ಕೊಳ್ಳಿ ಓಬಳಮ್ಮ, ನೀವು ನೋವಲ್ಲಿದ್ದೀರಿ. ಇದನ್ನ ಆಮೇಲೆ ನೋಡಣ," ಎಂದು ಅಧಿಕಾರಿ ಮೆಲ್ಲಗೆ ಹೇಳಿ ಕಾಗದ ಮಗುಚಿದರು. ಮುಂದಿನ ವ್ಯಾಕ್ಸಿನ್ ಶಿಬಿರದ ದಿನಾಂಕ ಓದತೊಡಗಿದರು. ಓಬಳಮ್ಮ ಕೂರಲಿಲ್ಲ. ಕೂತರೆ ಎಲ್ಲ ಮುಗಿದುಹೋಗುತ್ತದೆ ಎನ್ನಿಸಿ, ಗೋಡೆ ಹಿಡಿದು ನಿಂತೇ ಇದ್ದಳು.

ಮೂರನೇ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅಮ್ಮಾಜಮ್ಮ ಎದ್ದಿದ್ದಳು. ಮುಖ ಬಿಳುಚಿಕೊಂಡಿತ್ತು. ಅಧಿಕಾರಿಯ ಕಡೆಯಾಗಲಿ, ನಕ್ಷೆಯ ಕಡೆಯಾಗಲಿ ನೋಡದೆ ನೇರ ಓಬಳಮ್ಮನನ್ನೇ ನೋಡುತ್ತ ಮಾತಾಡಿದಳು.

"ಓಬಳಕ್ಕ, ನಮ್ಮೂರಲ್ಲಿ ಆರು ಜನಕ್ಕೆ ಜ್ವರ ಐತೆ. ನಾನು ಬರ್ದಿಲ್ಲ." ಕುರ್ಚಿ ಸರಿಸಿ ಸಾಲಿನಿಂದ ಈಚೆಗೆ ಬಂದಳು. "ಅವ್ರಲ್ಲಿ ಕೋನಪ್ಪನ ಮಗಳು ಹರಿತಾಗೆ ಇವತ್ತು ಬೆಳಿಗ್ಗೆ ಜ್ವರ ಬಿಡ್ತು. ಹೊಟ್ಟೆ ನೋವು ಅಂತಿದ್ಲು. ಹುಷಾರಾದ್ಲು ಅಂದ್ಕೊಂಡು ನಾನು ಮೀಟಿಂಗಿಗೆ ಬಂದ್ಬಿಟ್ಟೆ."

ಓಬಳಮ್ಮ ಚೀಲವನ್ನು ಭುಜಕ್ಕೆ ಏರಿಸಿಕೊಂಡಳು.

"ಗಾಡಿ ಯಾರ್ದೈತೆ?" ಎಂದು ಕೂಗುತ್ತ ಬಾಗಿಲ ಕಡೆ ಓಡಿದಳು.